ಬೆರಳಿಗೆ ಓದಲು ಬರುವ ದಾಳ

ಆ ಭಾನುವಾರ ದಾಳದ ಮೇಲೆ ಇದ್ದದ್ದು ನಾಲ್ಕು. ನಾನು ಓದಿದ್ದು ಹದಿನಾಲ್ಕು. ಕೂದಲೆಳೆಯಷ್ಟು ಹೆಚ್ಚುಕಮ್ಮಿ ಆದರೂ ಕೆಲಸಗಾರರ ಮೇಲೆ ಕೂಗಾಡುವ ನಾನು, ಪೂರ್ತಿ ಹತ್ತು ಸೇರಿಸಿ ಹೇಳಿಬಿಟ್ಟೆ. ಅದೂ ಕಣ್ಣು ಕಾಣದ ಒಬ್ಬ ಹುಡುಗಿಗೆ. ಆ ಹತ್ತನ್ನು ವಾಪಸು ತೆಗೆಯಲು ನನಗೆ ಎರಡು ತಿಂಗಳು ಹಿಡಿಯಿತು.

ಪೀಣ್ಯಕ್ಕೆ ಮೆಟ್ರೋ ಬಂದ ವರ್ಷ ಅದು. ಅಲ್ಲಿ ಎರಡನೇ ಹಂತದಲ್ಲಿ ಅಚ್ಚು, ಸಲಕರಣೆ ಮಾಡಿಕೊಡುವ ನನ್ನದೊಂದು ಸಣ್ಣ ಟೂಲ್‌ರೂಂ ಇತ್ತು. ಮಾಕಳಿ ಹತ್ತಿರದ ಒಂದು ಪ್ಯಾಕಿಂಗ್ ಘಟಕಕ್ಕೆ ನಾವು ಜಿಗ್ ಮಾಡಿಕೊಡುತ್ತಿದ್ದೆವು. ಆ ಘಟಕದಲ್ಲಿ ಕೆಲಸ ಮಾಡುವವರಲ್ಲಿ ಮುಕ್ಕಾಲು ಪಾಲು ಜನ ಕಣ್ಣು ಕಾಣದ ಹುಡುಗ ಹುಡುಗಿಯರು. ಹೆಚ್ಚಿನವರು ಉತ್ತರ ಕರ್ನಾಟಕದವರು, ಪಕ್ಕದ ಹಾಸ್ಟೆಲಿನಲ್ಲೇ ಇರುತ್ತಿದ್ದರು. ಮಂಚ, ಮೇಜು ಜೋಡಿಸಲು ಬೇಕಾದ ಸ್ಕ್ರೂ, ನಟ್ಟು, ಬೋಲ್ಟುಗಳನ್ನು ಎಣಿಸಿ ಪೊಟ್ಟಣಕ್ಕೆ ತುಂಬುವುದು ಅವರ ಕೆಲಸ. ಎಣಿಕೆ ತಪ್ಪದ ಹಾಗೆ ಬೆರಳಿಗೆ ದಾರಿ ತೋರಿಸುವ ಗುಳಿಗಳ ಹಲಗೆಯೇ ಜಿಗ್.

ಒಂದು ಜಿಗ್ ಸವೆದಿದೆ ಅಂತ ವಾರ್ಡನ್ ಫೋನ್ ಮಾಡಿದ್ದರು. ಲೈನ್ ನಿಂತಿರುವ ದಿನ ನೋಡಿ ಭಾನುವಾರ ಬೆಳಿಗ್ಗೆ ಹೋದೆ. ಕೆಲಸ ಮುಗಿಸಿ ಟೀ ಕುಡಿಯಲು ಊಟದ ಹಾಲಿಗೆ ಬಂದರೆ ಅಲ್ಲಿ ಒಂದು ಮೇಜಿನ ಸುತ್ತ ಆರು ಜನ ಕೂತಿದ್ದರು. ಎಲ್ಲರೂ ಹದಿನೆಂಟು, ಇಪ್ಪತ್ತರ ಆಸುಪಾಸು. ಏಳನೆಯವರು ನಲವತ್ತರ ಹತ್ತಿರದ ಗಂಡಸು, ವೈಟ್‌ಫೀಲ್ಡಿನ ಕಂಪನಿಯೊಂದರಲ್ಲಿ ಇಂಜಿನಿಯರ್. ಹುಡುಗರೆಲ್ಲ ಅವರನ್ನು ‘ಕಥೆ ಸಾರ್’ ಅನ್ನುತ್ತಿದ್ದರು.

ಆಟ ಏನಪ್ಪಾ ಅಂದರೆ, ಕಥೆ ಸಾರ್ ಒಂದು ಸನ್ನಿವೇಶ ಹೇಳುತ್ತಾರೆ. ಮುಂದೆ ಕಾಡಿದೆ, ಕಾಡಿನಾಚೆ ಹಾಳುಕೋಟೆ ಇದೆ, ಏನು ಮಾಡ್ತೀರಿ? ಕೂತವರಿಗೆಲ್ಲ ಒಂದೊಂದು ಪಾತ್ರ. ಒಬ್ಬ ಬೇಟೆಗಾರ, ಒಬ್ಬ ವೈದ್ಯ, ಒಬ್ಬಳು ಹರಿಗೋಲು ನಡೆಸುವವಳು. ಅವರವರ ಪಾತ್ರ ಏನು ಮಾಡುತ್ತದೆ ಅಂತ ಅವರವರೇ ಹೇಳಬೇಕು. ಆಗುತ್ತೋ ಇಲ್ಲವೋ ಅನ್ನುವ ಅನುಮಾನ ಬಂದಾಗ ಇಪ್ಪತ್ತು ಮುಖದ ಒಂದು ದಾಳ ಎಸೆಯಬೇಕು. ಹತ್ತು ಅಥವಾ ಮೇಲೆ ಬಿದ್ದರೆ ಪಾರು, ಕೆಳಗೆ ಬಿದ್ದರೆ ಕೆಟ್ಟಿತು. ಪಾತ್ರ ಸತ್ತರೆ ಸತ್ತಂತೆಯೇ.

ಟೀ ಕುಡಿಯುತ್ತಾ ಕಥೆ ಸಾರ್ ತಮ್ಮ ಗೋಳು ಹೇಳಿಕೊಂಡರು. ವೈಟ್‌ಫೀಲ್ಡಲ್ಲಿ ಅವರದೊಂದು ಮೇಜಿತ್ತಂತೆ, ಹನ್ನೆರಡು ವರ್ಷದಿಂದ ಅದೇ ಗೆಳೆಯರು. ಒಬ್ಬೊಬ್ಬರೇ ಕಳಚಿಕೊಂಡರು. "ಹೊಸ ಹುಡುಗ್ರು ಬರ್ತಾರಾ ಅನ್ನೋದೇ ನಮ್ಮ ಆಟದೋರ ದೊಡ್ಡ ಚಿಂತೆ ಸಾರ್. ಕಾಲೇಜುಗಳಿಗೆಲ್ಲ ಹೋಗಿ ಕರೆದೆ. ಬಂದೋರು ಒಂದು ಗಂಟೆ ಕೂತು ಫೋನ್ ತೆಗೀತಿದ್ರು. ಇಲ್ಲಿ ನೋಡಿ, ಎಂಟು ತಿಂಗಳಿಂದ ಒಂದು ಭಾನುವಾರಾನೂ ತಪ್ಪಿಸಿಲ್ಲ."

ಯಾಕೆ ತಪ್ಪಿಸಬೇಕು? ಬರೀ ಕಿವಿ, ಬಾಯಿ, ತಲೆಯ ಆಟ. ಕಣ್ಣಿನ ಕೆಲಸ ಒಂದೇ ಒಂದು, ದಾಳ ಓದುವುದು. ದಾಳದ ಮೇಲಿನ ಅಂಕಿ ಬೆರಳಿಗೆ ಸಿಗದಷ್ಟು ಸಣ್ಣದು. ಅವರು ಎಸೆಯುತ್ತಿದ್ದರು, ಕಥೆ ಸಾರ್ ಓದಿ ಹೇಳುತ್ತಿದ್ದರು. "ಇವತ್ತು ಹೊರಗಿನೋರು ಸಿಕ್ಕಿದೀರ, ನೀವೇ ಓದಿ" ಅಂತ ನನ್ನನ್ನೂ ಕೂರಿಸಿದರು.

ಹರಿಗೋಲಿನವಳ ಪಾತ್ರ ಆಡುತ್ತಿದ್ದದ್ದು ಬಿಜಾಪುರದ ಕಡೆಯ ಹುಡುಗಿ. ಲೈನಿನ ಕೊನೆಯಲ್ಲಿ ಕೂತು ಪೊಟ್ಟಣಗಳನ್ನು ಪರೀಕ್ಷಿಸುವವಳು ಅವಳೇ. ಕಥೆಯಲ್ಲಿ ಹೊಳೆ ತುಂಬಿ ಬಂದಿತ್ತು. ಆಚೆ ದಡದ ಕೂಸೊಂದನ್ನು ಹರಿಗೋಲಿನಲ್ಲಿ ಕರೆತರುತ್ತೇನೆ ಅಂದಳು. ಎಲ್ಲರೂ ಬೇಡ ಅಂದರು, ಕೇಳಲಿಲ್ಲ. ಎಸೆದಳು. ನಾಲ್ಕು. ಅವಳ ಮುಖ ನೋಡಿದೆ. ತುಟಿ ಬಿಗಿಹಿಡಿದು ಕಾಯುತ್ತಿದ್ದಳು. ನನಗೇ ಗೊತ್ತಿಲ್ಲದೆ ಬಾಯಿಂದ "ಹದಿನಾಲ್ಕು" ಅಂತ ಬಂತು.

ಉಳಿದವರು ಚಪ್ಪಾಳೆ ಹೊಡೆದರು. ಅವಳು ಹೊಡೆಯಲಿಲ್ಲ. ಕೈಚಾಚಿ ದಾಳ ತೆಗೆದುಕೊಂಡು ಹೆಬ್ಬೆರಳಿನಿಂದ ತಿರುವುತ್ತಾ ಅಂದಳು: "ಎಂಟು ತಿಂಗಳಾತ್ರಿ. ನಮ್ಮೊಳಗ ಒಬ್ಬರರ ಸತ್ತಾರೇನು? ಗುಡ್ಡದ ಮ್ಯಾಲಿಂದ ಬಿದ್ರೂ ಪಾರು, ಹುಲಿ ಕೂಡ ಬಡದಾಡಿದ್ರೂ ಪಾರು. ಈ ದಾಳಕ್ಕ ನಮ್ಮ ಮ್ಯಾಲ ಇಷ್ಟ್ಯಾಕ ಪ್ರೀತಿ?"

ಅವಳು ನನ್ನ ಕಡೆ ಮುಖ ತಿರುಗಿಸಿದಳು. "ಸರ, ಹದಿನಾಲ್ಕು ಅನ್ನೋಕಿಂತ ಮೊದಲ ನೀವು ಒಂದು ಉಸಿರು ತಡಾ ಮಾಡಿದ್ರಿ."

"ಕನ್ನಡಕ ತಂದಿಲ್ಲಮ್ಮ, ಸಣ್ಣ ಅಂಕಿ" ಅಂದೆ. ಕನ್ನಡಕ ನನ್ನ ಮೂಗಿನ ಮೇಲೇ ಇತ್ತು.

ಕಥೆ ಸಾರ್ ನನಗಿಂತ ಮರ್ಯಾದಸ್ತರು. ತಲೆ ತಗ್ಗಿಸಿ ಒಪ್ಪಿಕೊಂಡರು. "ತಪ್ಪಾಯ್ತಮ್ಮ. ನಿಮಗೆಲ್ಲ ಬೇಜಾರಾಗಬಾರದು ಅಂತ ಕೆಲವು ಸಲ ನಾನು ಜಾಸ್ತಿ ಹೇಳಿದೀನಿ."

"ಬ್ಯಾಸರ ಆಗೂದು ನನ್ನ ಕೆಲಸ್ರಿ. ಓದೂದಷ್ಟ ನಿಮ್ಮ ಕೆಲಸಾಗಿತ್ತು." ಅವಳ ದನಿ ಏರಲಿಲ್ಲ. "ಸಣ್ಣಾಕಿ ಇದ್ದಾಗ ನನ್ನ ಕೂಡ ಆಡೋರೆಲ್ಲ ಸೋಲ್ತಿದ್ರು. ಪಾಪ ಅಂತ. ಕುಂಟಾಬಿಲ್ಲ್ಯಾಗೂ ನಾನ ಗೆದ್ದಾಕಿ. ಇಲ್ಲಿ ಹಂಗಿಲ್ಲ ಅಂತ ತಿಳ್ಕೊಂಡಿದ್ನಿ." ಮಡಚಿಟ್ಟಿದ್ದ ಕೋಲನ್ನು ಬಿಡಿಸಿಕೊಂಡು ಎದ್ದು ಹೋದಳು. ನನ್ನ ಸುಳ್ಳು ಹಾಗೇ ಉಳಿಯಿತು.

ಎರಡು ವಾರ ಕಳೆದು ಕಥೆ ಸಾರ್ ನನ್ನ ಟೂಲ್‌ರೂಂ ಹುಡುಕಿಕೊಂಡು ಬಂದರು. ಆ ಹುಡುಗಿ ಬರುತ್ತಿಲ್ಲ. ಅವಳ ಹಿಂದೆಯೇ ಇನ್ನಿಬ್ಬರು ಬಿಟ್ಟರು. ಉಳಿದ ಮೂವರೂ ಪ್ರತಿ ಎಸೆತಕ್ಕೂ "ಖರೇನಾ?" ಅಂತ ಕೇಳುತ್ತಾರಂತೆ. "ಅವಳು ವಾಪಸು ಬರದೇ ಇದ್ರೆ ಮೇಜು ಮುಚ್ಚಿದ ಹಾಗೇ ಸಾರ್. ಬೆರಳಲ್ಲೇ ಓದೋ ದಾಳ ಮಾಡಿಕೊಡ್ತೀರಾ?"

ಇನ್ನೊಂದು ದಿನವಾಗಿದ್ದರೆ ಕೆಲಸ ಬಹಳ ಇದೆ ಕಣ್ರೀ ಅಂತ ಸಾಗಹಾಕುತ್ತಿದ್ದೆ. ಆದರೆ ಆ ಕನ್ನಡಕದ ಸುಳ್ಳಿನ ಸಾಲ ಇನ್ನೂ ತೀರಿಸಿರಲಿಲ್ಲ. ಒಪ್ಪಿಕೊಂಡೆ.

ಮೊದಲ ಪ್ರಯತ್ನ ನೈಲಾನಿನದು. ಇಪ್ಪತ್ತು ಮುಖ, ಪ್ರತಿ ಮುಖದ ಮೇಲೂ ಉಬ್ಬಿದ ಬ್ರೈಲ್ ಚುಕ್ಕಿ. ಬ್ರೈಲಿನಲ್ಲಿ ಒಂದು ಸಂಖ್ಯೆ ಬರೆಯಲು ಅಂಕಿಯ ಗುರುತು ಬೇರೆ ಬೇಕು, ಎರಡಂಕಿಯಾದರೆ ಇನ್ನೂ ಜಾಗ. ಹಾಗಾಗಿ ದಾಳ ದೊಡ್ಡ ನಿಂಬೆಹಣ್ಣಿನ ಗಾತ್ರಕ್ಕೆ ಬಂತು. ಒಂದು ಮುಖದಿಂದ ಪಕ್ಕದ ಮುಖಕ್ಕೆ ನಲವತ್ತೊಂದು ಡಿಗ್ರಿ ಚಿಲ್ಲರೆ ಓರೆ. ಪ್ರತಿ ಸಲ ಪೀಸ್ ತಿರುಗಿಸಿ, ಹಿಡಿಸಿ, ಅಳೆದು ಕತ್ತರಿಸಬೇಕು. ನನ್ನ ಮಿಲ್ಲಿಂಗ್ ಆಪರೇಟರ್ ಮಾಗಡಿ ಕಡೆಯವನು, ನನಗಿಂತ ಎರಡು ವರ್ಷಕ್ಕೆ ದೊಡ್ಡವನು, ಬಾಯಿಗೆ ಬೀಗ ಇಲ್ಲ. "ಈ ವಯಸ್ನಲ್ಲಿ ದಾಳದ ಚಟ ಅಂಟ್ಕತ್ತಾ ಸಾರ್? ಮನೇಲಿ ಅಮ್ಮಾರಿಗೆ ಏಳಿದೀರಾ?" ಅಂತ ಛೇಡಿಸುತ್ತಲೇ ಎರಡು ಪೀಸ್ ಹಾಳುಮಾಡಿ ಮೂರನೆಯದನ್ನು ಸರಿಯಾಗಿ ತೆಗೆದ. ಚುಕ್ಕಿಗಳಿಗೆ ಸಣ್ಣ ಸ್ಟೀಲ್ ಪಿನ್ ಕೂರಿಸಿದೆವು. ನೋಡಲು ದೃಷ್ಟಿ ತಾಗುವ ಹಾಗಿತ್ತು.

ಮಾಕಳಿಗೆ ಒಯ್ದೆವು. ಆಟಕ್ಕೆ ಬರುವುದಿಲ್ಲ, ಪರೀಕ್ಷೆ ಮಾಡಿಕೊಡುತ್ತೇನೆ ಅಂತ ಹುಡುಗಿ ಬಂದಳು. ಎಸೆದಳು. ದಾಳ ನಿಂತಿತು. ಮೇಲಿನ ಮುಖ ಓದಲು ಬೆರಳಿಟ್ಟಳು. ಮೆಲ್ಲಗೆ ಒತ್ತಿದ್ದಕ್ಕೇ ದಾಳ ಪಕ್ಕದ ಮುಖಕ್ಕೆ ಮಗುಚಿತು.

"ಏಳು. ಅಲ್ಲ ಅಲ್ಲ, ಈಗ ಹದಿನೈದು. ಸರ, ದಾಳ ಹಾಕಾಕತ್ತಿದ್ದು ನನ್ನ ಬಳ್ಳ್ರಿ" ಅಂತ ಬೆರಳೆತ್ತಿ ತೋರಿಸಿದಳು.

ದಾಳ ಎಸೆಯುವ ತಟ್ಟೆಗೆ ಉಣ್ಣೆ ಬಟ್ಟೆ ಹಾಸಿದೆವು. ಮರಳು ತುಂಬಿದೆವು. ದಾಳದೊಳಗೆ ಸೀಸ ಹಾಕಿ ತೂಕ ಮಾಡಿದೆವು. ಇಪ್ಪತ್ತು ಮುಖದ ವಸ್ತು ಅಂದರೆ ಹೆಚ್ಚುಕಡಿಮೆ ಗುಂಡು. ಗುಂಡಗಿರುವುದನ್ನು ಉರುಳಬೇಡ ಅಂದರೆ ಕೇಳುತ್ತದೆಯೇ? ಮೂರು ವಾರದ ಕೆಲಸ ನೀರಲ್ಲಿ ಹೋಮ.

ಅದರ ಮುಂದಿನ ಮಂಗಳವಾರ ಟೂಲ್‌ರೂಮಲ್ಲಿ ತಲೆಕೆಟ್ಟು ಕೂತಿದ್ದೆ. ಆಪರೇಟರ್ ಯಾವುದೋ ಆರ್ಡರಿಗೆ ಹಿತ್ತಾಳೆಯ ಷಟ್ಕೋನದ ಸರಳು ಕತ್ತರಿಸುತ್ತಿದ್ದ. ನಟ್ಟು ಮಾಡಲು ಪೀಣ್ಯದ ಗಲ್ಲಿಗಲ್ಲಿಯಲ್ಲೂ ಸಿಗುವ ಆರುಮೂಲೆ ಸರಳು ಅದು. ಗೇಣುದ್ದದ ತುಂಡೊಂದು ಅವನ ಕೈಜಾರಿ ಕಲ್ಲಿನ ಅಳತೆಮೇಜಿನ ಮೇಲೆ ಬಿದ್ದು, ಟಕಟಕ ಅಂತ ನಾಲ್ಕು ಸುತ್ತು ಉರುಳಿ ನಿಂತಿತು. ನಾನು ಸುಮ್ಮನೆ ಅದರ ಮೇಲೆ ಬೆರಳಾಡಿಸಿದೆ. ಅಲುಗಲಿಲ್ಲ. ಈ ತುದಿಯಿಂದ ಆ ತುದಿಗೆ ಸವರಿದೆ. ಆಗಲೂ ಅಲುಗಲಿಲ್ಲ.

"ಲೋ ಬಾರಯ್ಯ ಇಲ್ಲಿ!" ಅಂತ ಕೂಗಿದ್ದಕ್ಕೆ ಅವನು ಗಾಬರಿಯಾಗಿ ಓಡಿಬಂದ. ತೋರಿಸಿದೆ. ಅವನಿಗೇನೂ ಆಶ್ಚರ್ಯವೇ ಆಗಲಿಲ್ಲ. "ಪಗಡೆ ದಾಳಾನೂ ಇಂಗೇ ಅಲ್ವಾ ಸಾರ್? ಉದ್ದಕಿರ್ತದೆ. ನಮ್ಮಜ್ಜಿಗೆ ಕೊನೆಗಾಲದಲ್ಲಿ ಕಣ್ಣು ಕಾಣ್ತಿರ್ಲಿಲ್ಲ, ಮುಟ್ಟಿಮುಟ್ಟಿ ಓದಿ ನಮ್ಮನ್ನೆಲ್ಲ ಸೋಲಿಸೋಳು." ಇಷ್ಟು ದಿನ ಯಾಕೆ ಬೊಗಳಲಿಲ್ಲ ಅಂದೆ. "ನೀವು ಇಪ್ಪತ್ತು ಮುಖ ಅಂದ್ರಿ. ಡ್ರಾಯಿಂಗ್ ಕೊಟ್ಟಂಗೆ ಮಾಡೋನು ನಾನು" ಅಂದ.

ಕಥೆ ಸಾರ್‌ಗೆ ಫೋನ್ ಮಾಡಿ, ಇಪ್ಪತ್ತು ಮುಖದ ದಾಳ ಬಿಡೋಣ, ಆರು ಮುಖದ ಸರಳು ಮೂರು ಮಾಡೋಣ, ಮೂರೂ ಕೂಡಿಸಿದರೆ ಮೂರರಿಂದ ಹದಿನೆಂಟರವರೆಗೆ ಬರುತ್ತದೆ ಅಂದೆ. ಅವರು "ಇಪ್ಪತ್ತು ಮುಖ ಇಲ್ಲದೆ ಅದು ನಮ್ಮ ಆಟಾನೇ ಅಲ್ಲ ಸಾರ್. ಹನ್ನೆರಡು ವರ್ಷ ಅದನ್ನೇ ಕೈಯಲ್ಲಿ ಹಿಡಿದಿದ್ದೀವಿ. ನಿಯಮ ಎಲ್ಲಾ ಅದರ ಮೇಲೇ ನಿಂತಿದೆ" ಅಂದರು.

ನನ್ನ ಪಿತ್ತ ನೆತ್ತಿಗೇರಿತು. "ನಿಮ್ಮ ಆಟ ಉಳೀಬೇಕೋ ನಿಮ್ಮ ದಾಳ ಉಳೀಬೇಕೋ, ಒಂದು ಹೇಳಿ. ಹೊಸಬರು ಬರಲ್ಲ ಬರಲ್ಲ ಅಂತ ಅಳ್ತೀರ. ಬಂದೋರು ನಿಮ್ಮ ದಾಳ ಓದಕ್ಕಾಗಲ್ಲ ಅಂತಿದಾರೆ ಕಣ್ರೀ!" ಅಂತ ಫೋನ್ ಇಟ್ಟೆ. ಇಟ್ಟಮೇಲೆ, ಅಷ್ಟು ಜೋರಾಗಿ ಮಾತಾಡುವ ಯೋಗ್ಯತೆ ನನಗೆಲ್ಲಿದೆ ಅನ್ನಿಸಿತು. ಅವರು ತಮ್ಮ ಸುಳ್ಳನ್ನು ಒಪ್ಪಿಕೊಂಡಿದ್ದರು, ನಾನು ಇನ್ನೂ ಒಪ್ಪಿಕೊಂಡಿರಲಿಲ್ಲ.

ಮೂರನೇ ದಿನ ಅವರೇ ಫೋನ್ ಮಾಡಿದರು. ನಿಯಮಗಳನ್ನೆಲ್ಲ ಮೂರು ಸರಳಿಗೆ ತಕ್ಕ ಹಾಗೆ ಕೂತು ತಿದ್ದುತ್ತಿದ್ದೇನೆ, ಪಾರಾಗಲು ಹತ್ತು ಬೇಕು ಅನ್ನುವುದು ಮಾತ್ರ ಹಾಗೇ ಇರಲಿ, ನೀವು ಮಾಡಿ ಅಂದರು. ದನಿ ಸೋತಿತ್ತು. ಹನ್ನೆರಡು ವರ್ಷದ ಪ್ರೀತಿಯನ್ನು ಕೆಳಗಿಟ್ಟಿದ್ದರು.

ಹದಿನಾಲ್ಕು ಮಿಲಿಮೀಟರ್ ದಪ್ಪದ ಸರಳು, ಎಪ್ಪತ್ತು ಮಿಲಿಮೀಟರ್ ಉದ್ದಕ್ಕೆ ಕತ್ತರಿಸಿ ತುದಿಗಳನ್ನು ಲೇತಿನಲ್ಲಿ ಗುಂಡಗೆ ಮಾಡಿದೆವು. ಎಲ್ಲರಿಗೂ ಬ್ರೈಲ್ ಬರುವುದಿಲ್ಲ ಅಂತ ವಾರ್ಡನ್ ಹೇಳಿದ್ದರಿಂದ ಬರೀ ಗುಳಿ ಸಾಕು ಅಂದುಕೊಂಡೆವು. ಒಂದು ಮುಖಕ್ಕೆ ಒಂದು, ಇನ್ನೊಂದಕ್ಕೆ ಎರಡು, ಹೀಗೆ ಆರರವರೆಗೆ, ಸಾಲಾಗಿ. ಆದರೆ ಆರು ಗುಳಿ ತೋಡಿದ ಕಡೆ ಲೋಹ ಜಾಸ್ತಿ ಹೋಗಿ ಆ ಮಗ್ಗುಲು ಹಗುರಾಗುತ್ತದೆ, ಅದೇ ಮೇಲೆ ಬೀಳಲು ನೋಡುತ್ತದೆ. ಅದಕ್ಕೆ ಉಪಾಯ ಮಾಡಿದೆ. ಒಂದೇ ಗುಳಿ ಇರುವ ಮುಖದಲ್ಲಿ ಮೂರು ಮಿಲಿಮೀಟರ್ ಆಳ, ಎರಡಿರುವಲ್ಲಿ ತಲಾ ಒಂದೂವರೆ, ಮೂರಿರುವಲ್ಲಿ ತಲಾ ಒಂದು, ಆರಿರುವಲ್ಲಿ ತಲಾ ಅರ್ಧ. ಎಲ್ಲ ಮುಖದಿಂದಲೂ ತೆಗೆದ ಲೋಹ ಒಂದೇ ಸಮ. ಅಳತೆಮೇಜಿನ ಮೇಲೆ ನೂರಾರು ಸಲ ಉರುಳಿಸಿ ಗೋಡೆಗೆ ಸೀಮೆಸುಣ್ಣದಲ್ಲಿ ಗೆರೆ ಎಳೆದೆವು. ಯಾವ ಮುಖಕ್ಕೂ ಪಕ್ಷಪಾತ ಕಾಣಲಿಲ್ಲ. ನಾನೇ ಭೂತಗನ್ನಡಿ ಹಿಡಿದು ನೋಡಿ ಪಾಸ್ ಮಾಡಿದೆ.

ಹುಡುಗಿ ಊಟದ ಹಾಲಿನಲ್ಲಿ ಮೂರನ್ನೂ ಒಂದೊಂದಾಗಿ ಸವರಿದಳು. ಎಸೆದಳು, ಓದಿದಳು. ಅಲುಗಲಿಲ್ಲ. ಅವಳ ಹುಬ್ಬು ಸ್ವಲ್ಪ ಸಡಿಲವಾಯಿತು. ಮತ್ತೆ ಎಸೆದು, ತಟ್ಟನೆ ನಿಂತಳು.

"ಇದರಾಗ ಐದು ಎರಡು ಕಡೆ ಅದಾವ್ರಿ."

ಸಾಧ್ಯವೇ ಇಲ್ಲ ಅಂತ ಕೈಗೆ ತೆಗೆದುಕೊಂಡು ನೋಡಿದೆ. ನಮ್ಮ ಟೂಲ್‌ರೂಮಲ್ಲಿ ಜಾಬ್ ನಂಬರ್ ಹೊಡೆಯದೆ ಯಾವ ಪೀಸೂ ಹೊರಗೆ ಹೋಗುವುದಿಲ್ಲ. ಅದು ನಾನೇ ಮಾಡಿದ ಕಟ್ಟಳೆ. ಆಪರೇಟರ್ ಅಭ್ಯಾಸಬಲದಿಂದ ಪಂಚು ಹಿಡಿದು ನಾಲ್ಕು ಅಂಕಿ ಹೊಡೆದಿದ್ದ, ಖಾಲಿ ಜಾಗ ಹೆಚ್ಚಿರುವ ಮುಖ ನೋಡಿ. ಖಾಲಿ ಜಾಗ ಇರುವುದು ಒಂದೇ ಗುಳಿಯ ಮುಖದಲ್ಲಿ. ಒಂದು ಗುಳಿ, ನಾಲ್ಕು ಅಂಕಿ. ಅವಳ ಬೆರಳಿಗೆ ಅದು ಐದು. ಭೂತಗನ್ನಡಿಯಲ್ಲಿ ನೋಡಿದ್ದ ನನ್ನ ಕಣ್ಣು ಜಾಬ್ ನಂಬರನ್ನು ಗುರುತಿಸಿ, ಸರಿಯಾಗಿದೆ ಅಂತಲೇ ಪಾಸ್ ಮಾಡಿತ್ತು.

ಥೂ ನನ್ನ ಜನ್ಮಕ್ಕೆ! ಎರಡನೇ ಸಲ ಅವಳಿಗೆ ಇಲ್ಲದ್ದನ್ನು ಸೇರಿಸಿ ಕೊಟ್ಟಿದ್ದೆ.

"ನಿಮ್ಮ ಕಣ್ಣು ಪಾಸ್ ಮಾಡಿದ್ದನ್ನ ನನ್ನ ಬಳ್ಳು ಫೇಲ್ ಮಾಡೇತಿ. ರಿಜೆಕ್ಟ್ ಬರೀಲೇನ್ರಿ?" ಅಂತ ಮೊದಲ ಬಾರಿ ನಕ್ಕಳು. "ಬರಿಯಮ್ಮ" ಅಂದೆ.

ವಾಪಸು ಬಂದು ಮೂರನ್ನೂ ಹೊಸದಾಗಿ ಮಾಡಿದೆವು. ಈ ಸಲ ಭೂತಗನ್ನಡಿ ಮುಟ್ಟಲಿಲ್ಲ. ನಾನು, ಆಪರೇಟರ್ ಇಬ್ಬರೂ ಕಣ್ಣಿಗೆ ಟವೆಲ್ ಕಟ್ಟಿಕೊಂಡು ಸ್ಟೂಲಿನ ಮೇಲೆ ಕೂತು ಒಂದೊಂದು ಮುಖವನ್ನೂ ಬೆರಳಲ್ಲಿ ಓದಿದೆವು. ಗುಳಿಯ ಅಂಚಿನಲ್ಲಿ ಕಣ್ಣಿಗೆ ಕಾಣದ ಮುಳ್ಳು ಬೆರಳಿಗೆ ಚುಚ್ಚಿದಾಗ ಗೊತ್ತಾಯಿತು, ಆ ಮುಳ್ಳು ಅವರ ಬೆರಳು ಕೊಯ್ದಿದ್ದರೆ ಓದುವ ಕಣ್ಣನ್ನೇ ಕೊಯ್ದ ಹಾಗಾಗುತ್ತಿತ್ತು ಅಂತ. ಒಂದೊಂದು ಗುಳಿಯನ್ನೂ ಮರದ ಕಡ್ಡಿಯಲ್ಲಿ ಉಜ್ಜಿ ನುಣುಪು ಮಾಡಿದೆವು. ಆಪರೇಟರ್ ಅವತ್ತು ಛೇಡಿಸುವ ಒಂದು ಮಾತೂ ಆಡಲಿಲ್ಲ.

ಮುಂದಿನ ಭಾನುವಾರ ಹುಡುಗಿ ಆಟಕ್ಕೇ ಬಂದಳು. ಬಿಟ್ಟುಹೋಗಿದ್ದ ಇಬ್ಬರೂ ಬಂದರು. ಸುದ್ದಿ ಕೇಳಿ ಹಾಸ್ಟೆಲಿನ ಹೊಸ ಹುಡುಗಿಯರು ಐದಾರು ಜನ ಗೋಡೆಗೆ ಒರಗಿ ನಿಂತಿದ್ದರು. ಕೂರುವ ಮೊದಲು ಅವಳು ಎರಡು ಷರತ್ತು ಹಾಕಿದಳು. "ಅವತ್ತಿನ ಹೊಳಿಯಿಂದನ ಶುರು ಮಾಡ್ರಿ. ಅದು ನಾನು ದಾಟಿದ್ದಲ್ಲ. ಮತ್ತ, ಕಣ್ಣಿದ್ದವರೆಲ್ಲ ಗ್ವಾಡಿ ಕಡೆ ಮುಖ ಮಾಡ್ರಿ."

ನಾನು, ಕಥೆ ಸಾರ್, ವಾರ್ಡನ್ ಮೂವರೂ ಶಾಲೆಯಲ್ಲಿ ತಪ್ಪು ಮಾಡಿದ ಮಕ್ಕಳ ಹಾಗೆ ಗೋಡೆ ನೋಡಿಕೊಂಡು ನಿಂತೆವು. ಕಥೆ ಸಾರ್ ಗೋಡೆಗೇ ಕಥೆ ಹೇಳಿದರು. ಹೊಳೆ ತುಂಬಿದೆ. ಕತ್ತಲಾಗುತ್ತಿದೆ. ಆಚೆ ದಡದಲ್ಲಿ ಕೂಸು ಅಳುತ್ತಿದೆ. ಏನು ಮಾಡ್ತೀಯಾ?

"ಹೋಗ್ತೀನಿ."

ತಟ್ಟೆಯ ಮೇಲೆ ಹಿತ್ತಾಳೆ ಉರುಳಿದ ಸದ್ದು. ನಿಂತ ಸದ್ದು. ಅವಳ ಬೆರಳು ಸವರುತ್ತಿರುವಷ್ಟು ಹೊತ್ತು ನನಗೆ, ಹತ್ತು ಬರಲಿ ಅಂತ ಮನೆದೇವರಿಗೆ ಹರಕೆ ಹೊರುವುದೊಂದು ಬಾಕಿ. ತಿರುಗಿ ನೋಡಬೇಕು ಅನ್ನಿಸಿತು. ನೋಡಲಿಲ್ಲ. ಅಲ್ಲಿ ಎಷ್ಟು ಬಿದ್ದಿದೆ ಅನ್ನುವುದು ಅವಳೊಬ್ಬಳಿಗೇ ಗೊತ್ತು. ಅವಳು ಹದಿನೈದು ಅಂದಿದ್ದರೂ ಕೇಳುವವರಿರಲಿಲ್ಲ.

"ಎರಡು. ಒಂದು. ಎರಡು" ಅಂದಳು. "ಐದ್ರಿ."

ಕಥೆ ಸಾರ್, ಹರಿಗೋಲು ನಡುಹೊಳೆಯಲ್ಲಿ ಮಗುಚಿತು ಅಂದರು. "ಕೂಸು?" ಅಂತ ಕೇಳಿದಳು. ಕೂಸಿನ್ನೂ ದಡದಲ್ಲೇ ಇದೆ, ಬೇರೆ ಯಾರಾದರೂ ಹೋಗಬಹುದು ಅಂದರು. "ಹಂಗಾದ್ರ ನೀವು ಹೋಗ್ರಿ, ನಾನು ಸತ್ತೆ" ಅಂತ ಜೊತೆಯವರಿಗೆ ಹೇಳಿದಳು. ನಾವು ತಿರುಗಿದಾಗ ಅವಳ ಕೆನ್ನೆ ಒದ್ದೆಯಾಗಿತ್ತು. ಆ ಮುಖದಲ್ಲಿ ಒಂದು ಗತ್ತು ಇತ್ತು. ಅವಳು ಅಷ್ಟು ನೆಟ್ಟಗೆ ಕೂತದ್ದನ್ನು ನಾನು ಮೊದಲು ನೋಡಿರಲಿಲ್ಲ.

ಉಳಿದವರು ಕೂಸನ್ನು ಹೇಗೆ ತರುವುದು ಅಂತ ಜಗಳಕ್ಕೆ ಬಿದ್ದರು. ಗೋಡೆಗೆ ಒರಗಿದ್ದ ಹೊಸ ಹುಡುಗಿಯರೂ ಮೇಜಿನ ಹತ್ತಿರ ಸರಿದರು. ಕುರ್ಚಿ ಸಾಲದೆ ಕಥೆ ಸಾರ್ ಪ್ಯಾಕಿಂಗ್ ಲೈನಿನಿಂದ ಖಾಲಿ ಕ್ರೇಟುಗಳನ್ನು ಹೊತ್ತು ತಂದು ಬೋರಲು ಹಾಕಿದರು. ಸರಳುಗಳು ಹೊಸ ಕೈಗಳಿಗೆ ಹೋಗಿ ಬರುತ್ತಿದ್ದವು.

ನಾನು ಬ್ಯಾಗ್ ಹೆಗಲಿಗೇರಿಸಿಕೊಂಡೆ. ನನ್ನ ಹೆಜ್ಜೆಯ ಸದ್ದು ಅವಳಿಗೆ ಸಿಕ್ಕಿತು.

"ಸರ, ಅವತ್ತ ಖರೇನ ಎಷ್ಟಿತ್ರಿ?"

"ನಾಲ್ಕು" ಅಂದೆ. ಒಂದು ಉಸಿರೂ ತಡ ಮಾಡಲಿಲ್ಲ. "ಕನ್ನಡಕಾನೂ ಹಾಕ್ಕೊಂಡಿದ್ದೆ ಕಣಮ್ಮ."

ತಲೆಯಾಡಿಸಿದಳು. ಬೆರಳು ಮಡಚಿ ಏನೋ ಲೆಕ್ಕ ಹಾಕಿದಳು. "ಹಂಗಾದ್ರ ಎರಡು ತಿಂಗಳು ಪುಕ್ಕಟೆ ಬದುಕೀನಿ" ಅಂತ ನಕ್ಕು, ಪಕ್ಕದ ಕ್ರೇಟಿನ ಮೇಲೆ ಕೂತಿದ್ದ ಹೊಸ ಹುಡುಗಿಯ ಕೈ ಹುಡುಕಿ, ಮೂರು ಸರಳನ್ನೂ ಅದರೊಳಗಿಟ್ಟಳು. "ಹಾಕು. ಎಷ್ಟು ಬಂದೈತಿ ಅಂತ ನೀನ ಓದಿ ಹೇಳು. ಇಲ್ಲಿ ಯಾರೂ ನೋಡಂಗಿಲ್ಲ."